ಹಾಡಲು ಬಾರದವರು ಜೋಗುಳ ಹಾಡಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಮಗಳಿಗೆ ನಾಲ್ಕು ತಿಂಗಳು. ಬಾಣಂತನ ಮುಗಿಸಿಕೊಂಡು ತವರಿನಿಂದ ದಾವಣಗೆರೆಗೆ ಬಂದಿದ್ದೇನೆ. ಅಲ್ಲಿ ಅಮ್ಮ ಹಾಡಿ ತೂಗುತ್ತಿದ್ದರು. ನನಗೆ ಹಾಡು ಬರುವುದಿಲ್ಲ. ಮೊಬೈಲಿನಲ್ಲಿ ಜೋಗುಳ ಹಾಕಿ ತೊಟ್ಟಿಲಲ್ಲಿ ದಿಂಬಿನ ಪಕ್ಕ ಇಡುತ್ತೇನೆ. ಮೊಜಾರ್ಟ್ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದೆ ಎಂದು ನಾದಿನಿ ಹೇಳುತ್ತಾಳೆ. ಯಾವುದು ಒಳ್ಳೆಯದು?

ಉತ್ತರ (ವಾಕ್-ಶ್ರವಣ ತಜ್ಞೆ): ಮೊದಲು ಮೊಬೈಲು, ದಿಂಬು ಎರಡನ್ನೂ ತೊಟ್ಟಿಲಿನಿಂದ ತೆಗೆಯಿರಿ. ನಿಮಗೆ ಮೆಲ್ಲಗೆ ಕೇಳುವ ಸದ್ದು ಗೇಣು ದೂರದಲ್ಲಿರುವ ಎಳೆಯ ಕಿವಿಗೆ ಮೆಲ್ಲಗಿರುವುದಿಲ್ಲ. ದಿಂಬು ಮುಖಕ್ಕೆ ಒತ್ತಿದರೆ ಉಸಿರು ಕಟ್ಟುತ್ತದೆ.

ಇನ್ನು ಮೊಜಾರ್ಟ್. ಈ ಮಾತು ಹುಟ್ಟಿದ್ದು 1993ರ ಒಂದು ಅಮೆರಿಕದ ಪ್ರಯೋಗದಿಂದ. ಅದರಲ್ಲಿದ್ದವರು 36 ಕಾಲೇಜು ವಿದ್ಯಾರ್ಥಿಗಳು, ಕೂಸುಗಳಲ್ಲ. ಹತ್ತು ನಿಮಿಷ ಕೇಳಿದ ಮೇಲೆ ಆಕಾರಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ತುಸು ಮುಂದಾದರು. ಕಾಲು ಗಂಟೆಯಲ್ಲಿ ಅದೂ ಇಳಿಯಿತು. 1998ರಲ್ಲಿ ಅಲ್ಲಿನ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಸಂಗೀತದ ಸಿ.ಡಿ. ಹಂಚಲು ಹೊರಟರು. ಮಾತು ಹೀಗೆ ಊರೂರು ಸುತ್ತಿ ನಿಮ್ಮ ನಾದಿನಿಯವರೆಗೆ ಬಂದಿದೆ.

ನಿಮ್ಮ ದನಿ ಮಗಳಿಗೆ ಹೊಸದಲ್ಲ. ಗರ್ಭದ ಕೊನೆಯ ಮೂರು ತಿಂಗಳು ಅದನ್ನೇ ಕೇಳಿಕೊಂಡು ಬೆಳೆದವಳು. ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಗುರುತಿಸುತ್ತದೆ. ಶ್ರುತಿ ತಪ್ಪಿತೆಂದು ಅವಳೇನೂ ಸಭೆಯಿಂದ ಎದ್ದು ಹೋಗುವುದಿಲ್ಲ. ನಿಧಾನದ ಲಯ, ಎಳೆದ ಸ್ವರ, ಮತ್ತೆ ಮತ್ತೆ ಬರುವ ಅದೇ ಸಾಲು ಇದ್ದರೆ ಸಾಕು, ಅದು ಜೋಗುಳವೇ.

ಹೊಟ್ಟೆ ತುಂಬಿ ಆಡುತ್ತಿರುವ ಹೊತ್ತಿನಲ್ಲಿ ಮುಖ ಹತ್ತಿರ ತಂದು ಅವಳ ಹೆಸರು ಸೇರಿಸಿ ಒಂದು ಸಾಲು ಹಾಡಿ, ನಿಲ್ಲಿಸಿ. ಮನಸ್ಸಿನಲ್ಲೇ ಐದು ಎಣಿಸಿ. ಕಾಲು ಒದೆಯುತ್ತಾಳೆ, ತುಟಿ ಮುಂದೆ ಮಾಡುತ್ತಾಳೆ, ಆಮೇಲೆ ‘ಊಂ’ ಎನ್ನುತ್ತಾಳೆ. ಅದು ಅವಳ ಸರದಿ. ಮುಗಿದ ಮೇಲೆ ನೀವು ಮುಂದಿನ ಸಾಲು ಹಾಡಿ. ಮಾತುಕತೆ ಶುರುವಾಗುವುದು ಇಲ್ಲಿಂದಲೇ. ಮೊಬೈಲು ತನ್ನ ಪಾಡಿಗೆ ಹಾಡುತ್ತದೆಯೇ ಹೊರತು ಯಾರಿಗೂ ಕಾಯುವುದಿಲ್ಲ.

ಇನ್ನೊಬ್ಬರು: ನಾನು ಕನ್ನಡದವನು, ಹೆಂಡತಿ ಮಲಯಾಳಿ. ಇಬ್ಬರೂ ನಮ್ಮ ನಮ್ಮ ಭಾಷೆಯಲ್ಲಿ ಹಾಡಿದರೆ ಮಗುವಿಗೆ ಗೊಂದಲವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಇಬ್ಬರೂ ಹಾಡಿ.

ಮತ್ತೊಬ್ಬರು: ಮೇಡಂ, ಮಗನಿಗೆ ಆರು ತಿಂಗಳು. ತೂಗಿದರೆ ಸುಮ್ಮನಾಗುತ್ತಾನೆ, ಹಿಂದಿನಿಂದ ಹಾಡಿದರೆ, ಕರೆದರೆ ತಿರುಗುವುದಿಲ್ಲ. ಗಂಡು ಮಕ್ಕಳು ಎಲ್ಲದರಲ್ಲೂ ತಡ ಎನ್ನುತ್ತಾರೆ ಅತ್ತೆ.

ಉತ್ತರ: ಅತ್ತೆಯವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಕಾಯಬೇಡಿ. ತೂಗಿದಾಗ ಸಮಾಧಾನವಾಗುವುದು ಒಳಗಿವಿಯ ಸಮತೋಲನದ ಭಾಗದಿಂದ. ಕೇಳುವ ಭಾಗ ಬೇರೆ. ಐದಾರು ತಿಂಗಳಿಗೆ ಮಗು ಸದ್ದು ಬಂದ ಕಡೆ ತಿರುಗಬೇಕು. ಮನೆಯಲ್ಲೇ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ಪರೀಕ್ಷಿಸಲು ಹೋಗಬೇಡಿ, ನೆರಳು ಆಡಿದರೂ ಮಗು ತಿರುಗಿಬಿಡುತ್ತದೆ, ಸದ್ದು ಕೇಳಿಸಿತು ಎಂದು ನೀವು ಮೋಸಹೋಗುತ್ತೀರಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರರೊಳಗೆ ದೋಷವಿದೆಯೇ ಇಲ್ಲವೇ ಎಂಬುದು ಖಚಿತ, ಇದ್ದರೆ ಆರರೊಳಗೆ ಚಿಕಿತ್ಸೆ ಆರಂಭ ಎಂಬುದು ನಮ್ಮ ಲೆಕ್ಕ. ಹಾಗಾಗಿ ಈ ವಾರವೇ ಜಿಲ್ಲಾಸ್ಪತ್ರೆಗೆ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಹುಟ್ಟಿದಾಗಿನ ಆಸ್ಪತ್ರೆಯ ಚೀಟಿ ತೆಗೆದುಕೊಂಡು ಹೋಗಿ. ಮಗು ನಿದ್ದೆಯಲ್ಲಿದ್ದರೆ ಕಿವಿಯ ಪರೀಕ್ಷೆ ಸಲೀಸು. ಅಲ್ಲಿಗೆ ಹೋದ ಮೇಲೆಯೇ ಹಾಲು ಕುಡಿಸಿ ಮಲಗಿಸಿ.