59ನೇ ನಿಮಿಷಕ್ಕೆ ನಿಲ್ಲುವ ಪಾಕೆಟ್ ವಾಚ್

ಪ್ರಶ್ನೆ: ನಮಸ್ಕಾರ ಸರ್. ನಾನು ಜ್ಯೂರಿಕ್‌ನಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪಾಕೆಟ್ ವಾಚ್ ಕೊಂಡೆ. ಗಂಟೆಗೂ ನಿಮಿಷಕ್ಕೂ ಮುಳ್ಳೇ ಇಲ್ಲ. ಬಿಳಿ ಡಯಲ್‌ನಲ್ಲಿ ಕಿಂಡಿಗಳು, ಅದರೊಳಗೆ ಅಂಕಿ. ಕೆಳಗೆ ಸೆಕೆಂಡಿನ ಪುಟ್ಟ ಮುಳ್ಳು ಮಾತ್ರ ಇದೆ. ಕೀ ಕೊಟ್ಟರೆ ಓಡುತ್ತದೆ, ಆದರೆ 59ನೇ ನಿಮಿಷಕ್ಕೆ ಬಂದು ನಿಲ್ಲುತ್ತದೆ. ಸ್ವಲ್ಪ ಅಲ್ಲಾಡಿಸಿದರೆ ಗಂಟೆ ಬದಲಾಗಿ ಮತ್ತೆ ಹೊರಡುತ್ತದೆ. ಯಾಕೆ ಹೀಗೆ?

ಉತ್ತರ: ಒಳ್ಳೆಯ ವಾಚ್ ಸಿಕ್ಕಿದೆ ನಿಮಗೆ. ಇದು ಪಾಲ್ವೇಬರ್ ಪದ್ಧತಿಯದ್ದು ಅನ್ನಿಸುತ್ತದೆ. ಸಾಲ್ಜ್‌ಬರ್ಗ್‌ನ ಯೋಸೆಫ್ ಪಾಲ್ವೇಬರ್ 1883ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಿಮ್ಮ ಹತ್ತಿರದ ಷಾಫ್‌ಹೌಸೆನ್‌ನಲ್ಲಿ ಐಡಬ್ಲ್ಯೂಸಿ ಎಂಬ ವಾಚ್ ಕಂಪನಿ 1890ರವರೆಗೆ ಇಂಥವನ್ನು ಸುಮಾರು 20,000 ಮಾಡಿತು. ಕೊರ್ಟೆಬೆರ್ ಕಂಪನಿಯೂ ಮಾಡಿದೆ.

ಒಳಗೆ ಅಂಕಿ ಬರೆದ ಮೂರು ಬಿಲ್ಲೆಗಳಿವೆ: ಗಂಟೆಗೆ ಒಂದು, ನಿಮಿಷದ ಹತ್ತರ ಸ್ಥಾನಕ್ಕೆ ಒಂದು, ಬಿಡಿ ಸ್ಥಾನಕ್ಕೆ ಒಂದು. ನಿಮಿಷಕ್ಕೊಮ್ಮೆ ಅಂಕಿ ನೆಗೆದು ಬದಲಾಗುತ್ತದೆ. ಗಂಟೆಯ 60 ನೆಗೆತದಲ್ಲಿ 54 ಸಲ ಬಿಡಿ ಬಿಲ್ಲೆ ಒಂದೇ ತಿರುಗುತ್ತದೆ. ಐದು ಸಲ ಎರಡು ತಿರುಗುತ್ತವೆ. ಮೂರೂ ಒಟ್ಟಿಗೆ ತಿರುಗುವುದು ಒಂದೇ ಸಲ, ನಿಮ್ಮ ವಾಚ್ ನಿಲ್ಲುವ ಆ ಜಾಗದಲ್ಲಿ! ಅಂಕಿ ಕಿಂಡಿಯ ನಡುವೆ ನಿಲ್ಲಲಿ ಅಂತ ಬಿಲ್ಲೆಗಳನ್ನು ಸಣ್ಣ ಸ್ಪ್ರಿಂಗ್‌ಗಳು ಒತ್ತಿ ಹಿಡಿದಿರುತ್ತವೆ. ಆ ಹಿಡಿತವನ್ನೂ ದಾಟಬೇಕು. ಎಣ್ಣೆ ಒಣಗಿ ಅಂಟಾಗಿದ್ದರೆ ವಾಚ್ ಓಡಿಸುವ ಮುಖ್ಯ ಸ್ಪ್ರಿಂಗಿಗೆ ಅಷ್ಟು ಬಲ ಸಾಲದು.

ಪ್ರಶ್ನೆ: ಇಲ್ಲೊಬ್ಬರು, ಇನ್ನೂ ಗಟ್ಟಿ ಮುಖ್ಯ ಸ್ಪ್ರಿಂಗ್ ಹಾಕಿಸಿ, ಸರಿಹೋಗುತ್ತದೆ ಅಂದರು. ಹಾಕಿಸಲಾ?

ಉತ್ತರ: ದಯವಿಟ್ಟು ಬೇಡ. ಗಂಟೆಗೊಮ್ಮೆ ಬೇಕಾದ ಬಲಕ್ಕಾಗಿ ಉಳಿದ ಹೊತ್ತೆಲ್ಲ ಚಕ್ರದ ಹಲ್ಲುಗಳ ಮೇಲೆ ಜಾಸ್ತಿ ಒತ್ತಡ ಬೀಳುತ್ತದೆ, ಅಲ್ವಾ? ಹಲ್ಲು ಸವೆದರೆ ಬಿಡಿಭಾಗ ಸಿಗುವುದು ತುಂಬಾ ಕಷ್ಟ. ಐಡಬ್ಲ್ಯೂಸಿಯವರೇ 2018ರಲ್ಲಿ ಪಾಲ್ವೇಬರ್ ನೆನಪಿಗೆ ಮತ್ತೆ ವಾಚ್ ಮಾಡಿದಾಗ ಗಟ್ಟಿ ಸ್ಪ್ರಿಂಗ್ ನೆಚ್ಚಿಕೊಳ್ಳಲಿಲ್ಲ. ಬಿಡಿ ನಿಮಿಷದ ಬಿಲ್ಲೆಗೆ ಬೇರೆ ಸ್ಪ್ರಿಂಗ್, ಬೇರೆ ಚಕ್ರಗಳನ್ನೇ ಕೊಟ್ಟರು.

ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸಿ. ಹಳೇ ಸ್ಪ್ರಿಂಗ್ ಸೊರಗಿದ್ದರೆ ಅದೇ ಅಳತೆಯದನ್ನೇ ಹಾಕಲಿ. ಬಿಲ್ಲೆಗಳ ಸ್ಪ್ರಿಂಗ್ ಬಿಗಿಯನ್ನೂ ನೋಡಲು ಹೇಳಿ. ಸುಮ್ನೆ ಡಯಲ್ ಕಿಂಡಿಯಿಂದ ಎಣ್ಣೆ ಬಿಡಬೇಡಿ, ಅಂಕಿಯೇ ಅಳಿಸಿಹೋದೀತು. ಅಲ್ಲಿಯವರೆಗೆ ಅಲ್ಲಾಡಿಸಿ ಓಡಿಸುವುದೂ ಬೇಡ. ಅಂಕಿಗಳನ್ನು ಹಿಂದಕ್ಕೆ ತಿರುಗಿಸಲೇಬೇಡಿ.

ಪ್ರಶ್ನೆ: ಆಯ್ತು ಸರ್. ಈಗ 3:59ಕ್ಕೆ ನಿಂತಿದೆ, ಹಾಗೇ ಬಿಟ್ಟಿದ್ದೇನೆ.

ಉತ್ತರ: ಹಾಗೇ ಬಟ್ಟೆಯಲ್ಲಿ ಸುತ್ತಿ ಕೊಡಿ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಬಿಚ್ಚುವವರಿಗೆ ಕಣ್ಣಿಗೇ ಕಾಣುತ್ತದೆ.