2-8-8-8-2ಕ್ಕೆ ‘ಕೀಲು ಎಂಜಿನ್’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹಳೆಯ ಉಗಿ ಎಂಜಿನ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಆರ್ಟಿಕ್ಯುಲೇಟೆಡ್’ (ಗಾಲಿಗುಂಪು ಕೀಲಿನ ಮೇಲೆ ಹೊರಳುವ ಎಂಜಿನ್) ಅನ್ನುವಲ್ಲಿ ಪೆನ್ನು ನಿಂತಿದೆ. ‘ಸಂಧಿತ’ ಅಂತ ಬರೆದರೆ ಲೋಪಸಂಧಿ, ಆಗಮಸಂಧಿ ನೆನಪಾಗಿ ಓದುಗರು ಓಡಿಹೋಗುತ್ತಾರೆ. ನನಗೆ ‘ಕೀಲು ಎಂಜಿನ್’ ಇಷ್ಟ. ತಿರುವು ಬಂದಾಗ ಉದ್ದನೆಯ ಎಂಜಿನ್ ಕೀಲಿನಲ್ಲೇ ತಾನೇ ಹೊರಳುವುದು?

ತೊಡಕು ಇರುವುದು ಟ್ರಿಪ್ಲೆಕ್ಸ್, ಅಂದರೆ ರೈಲನ್ನು ಎಳೆಯುವ ಗಾಲಿಗಳ ಮೂರು ಗುಂಪಿರುವ ಎಂಜಿನ್‌ನಲ್ಲಿ. ಅಮೆರಿಕದ ಈರಿ ರೈಲ್ವೆಗಾಗಿ ಬಾಲ್ಡ್‌ವಿನ್ ಕಾರ್ಖಾನೆ 1914ರಿಂದ 1916ರ ನಡುವೆ ಇಂಥ ಮೂರನ್ನು ಕಟ್ಟಿತು. ಗಾಲಿಗಳ ಲೆಕ್ಕ 2-8-8-8-2: ಮುಂದೆ, ಹಿಂದೆ ಭಾರ ಹೊರುವ ಎರಡೆರಡು ಗಾಲಿ, ನಡುವೆ ಎಳೆಯುವ ಎಂಟೆಂಟು ಗಾಲಿಗಳ ಮೂರು ಗುಂಪು. ಎರಡೇ ಗುಂಪಿನ ಮಾಮೂಲಿ ಮ್ಯಾಲೇ ಎಂಜಿನ್‌ನಲ್ಲಿ ಹಿಂದಿನ ಗಾಲಿಗುಂಪು ಬಾಯ್ಲರ್‌ಗೆ ಬಿಗಿಯಾಗಿರುತ್ತದೆ, ಮುಂದಿನದು ಮಾತ್ರ ಕೀಲಿನ ಮೇಲೆ ಆಡುತ್ತದೆ. ಇದರಲ್ಲಿ ಮೂರನೆಯ ಗುಂಪೂ ಇದೆ, ಅದೂ ಕಲ್ಲಿದ್ದಲು, ನೀರು ಹೊರುವ ಟೆಂಡರ್‌ನ ಕೆಳಗೆ! ಹಾಗಾದರೆ ಟೆಂಡರ್ ಕೂಡ ಎಂಜಿನ್ನೇ ಅಲ್ವಾ?

ಆ ಮೂರನೇ ಗುಂಪೇ ಇದಕ್ಕೆ ಮುಳುವಾಯಿತು. ನಡುವಿನ ಸಿಲಿಂಡರ್‌ಗಳಲ್ಲಿ ದುಡಿದ ಉಗಿ ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ ಹೋಗುತ್ತಿತ್ತು. ಮುಂದೆ ಹೋದದ್ದು ಹೊಗೆಕೊಳವೆಯಲ್ಲಿ ನುಗ್ಗಿ ಬೆಂಕಿಗೆ ಗಾಳಿ ಎಳೆಯುತ್ತಿತ್ತು. ಹಿಂದಿನದು ಟೆಂಡರ್‌ನ ಹಿಂಬದಿಯಿಂದ ಸುಮ್ನೆ ಹೊರಬೀಳುತ್ತಿತ್ತು. ಬೆಂಕಿಗೆ ಎಳೆತ ಸಾಲದು, ಆರು ಸಿಲಿಂಡರ್‌ಗೆ ಉಗಿ ಸಾಲದು. ಸಾಲದ್ದಕ್ಕೆ, ನೀರು, ಕಲ್ಲಿದ್ದಲು ಖರ್ಚಾದಂತೆ ಟೆಂಡರ್ ಹಗುರಾಗಿ ಹಿಂದಿನ ಗಾಲಿಗಳ ಹಿಡಿತವೂ ಸಡಿಲವಾಗುತ್ತಿತ್ತು. ಕಡೆಗೆ ಏರುದಾರಿಯಲ್ಲಿ ಗೂಡ್ಸ್ ರೈಲನ್ನು ಹಿಂದಿನಿಂದ ನಿಧಾನವಾಗಿ ದೂಡುವ ಕೆಲಸಕ್ಕೆ ಇವು ಬಂದವು. ಇದೇ ಬಗೆಯ, ಅಮೆರಿಕದ್ದೇ ಆದ ವರ್ಜೀನಿಯನ್ ರೈಲ್ವೆಯ 2-8-8-8-4 ಒಂದೇ ಒಂದು, 1916ರದ್ದು. ಅದನ್ನು 1920ರಲ್ಲಿ ಕಾರ್ಖಾನೆಗೇ ವಾಪಸ್ ಕಳಿಸಿದರು. ಆಮೇಲೆ ಕತ್ತರಿಸಿ ಎರಡು ಎಂಜಿನ್ ಮಾಡಿದರಂತೆ. ಕೀಲು ಅಂದಮೇಲೆ ಕಳಚಲೂಬಹುದು ಬಿಡಿ.

ಕೇಳಬೇಕಾದದ್ದು ಇನ್ನೂ ಇದೆ. ರೈಲನ್ನು ನಿಜವಾಗಿ ಎಳೆಯುವ ಆ 24 ಗಾಲಿಗಳಿಗೆ ಏನನ್ನೋಣ? ‘ಎಳೆಗಾಲಿ’ ಅಂದರೆ ಎಳೆಗರುವಿನ ನೆನಪಾಗುತ್ತದೆ. ‘ದುಡಿಗಾಲಿ’ ವಾಸಿ ಅನ್ನಿಸಿದೆ. ಮುಂದೆ, ಹಿಂದೆ ಭಾರ ಹೊರುವವು ‘ಮುಂಗಾಲಿ’, ‘ಹಿಂಗಾಲಿ’. ಇವು ಮುಂಗಾಲು, ಹಿಂಗಾಲು ಅಂತ ಕಿವಿಗೆ ಬಿದ್ದರೂ ಪರವಾಗಿಲ್ಲ.

ಇನ್ನು ನಮ್ಮ ಬಂಗಾಳ ನಾಗಪುರ ರೈಲ್ವೆಯಲ್ಲಿದ್ದ ಗ್ಯಾರಟ್ ಎಂಜಿನ್, 4-8-0+0-8-4. ಅದರಲ್ಲಿ ಎರಡು ಗಾಲಿಗುಂಪುಗಳ ನಡುವೆ ಬಾಯ್ಲರ್ ತೂಗುತ್ತದೆ, ಕೀಲು ಎರಡೂ ಕಡೆ. ಮ್ಯಾಲೇ, ಗ್ಯಾರಟ್, ಟ್ರಿಪ್ಲೆಕ್ಸ್ ಮೂರಕ್ಕೂ ‘ಕೀಲು ಎಂಜಿನ್’ ಒಂದೇ ಸಾಕಾ, ಬೇರೆ ಬೇರೆ ಬೇಕಾ? ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅಲ್ಲಿ ಬಾಯಲ್ಲಿ ಓಡಾಡುತ್ತಿದ್ದ ಪದ ಯಾವುದು ಅಂತ ದಯವಿಟ್ಟು ತಿಳಿಸಿ.