ಮಾವನ ಕಾಲಿನ ಮಾತ್ರೆ ವಿಚಾರ, ಅತ್ತೆ ಕೇಳಿದ್ದಕ್ಕೆ

ಅತ್ತೆ, ನಿಮ್ಮ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಕಬ್ಬಿನ ಕೂಳೆ ಚುಚ್ಚಿ ಮಾವನ ಪಾದ ನಂಜಾಗಿ ಕೆಂಪಗೆ ಊದ್ಕೊಂಡಿತ್ತು. ಮಂಡ್ಯದ ಡಾಕ್ಟ್ರು 625ರ ಆಂಟಿಬಯಾಟಿಕ್ ಮಾತ್ರೆ ದಿನಕ್ಕೆ ಮೂರರಂಗೆ ಏಳು ದಿನಕ್ಕೆ ಬರೆದ್ರು. ಮೂರು ದಿನಕ್ಕೇ ಊತ ಇಳೀತು, ಈಗ ಮಾವ ‘ಉಷ್ಣ ಆಗ್ತಿದೆ, ಹೊಟ್ಟೆ ಕೆಟ್ಟಿದೆ, ಇಷ್ಟು ಸಾಕು’ ಅಂತಿದಾರೆ. ಉಳಿದಿದ್ದನ್ನ ಮೈಸೂರಲ್ಲಿ ನೆಗಡಿ ಆಗಿರೋ ಮಗೂಗೆ ಅರ್ಧರ್ಧ ಕೊಡ್ಬಹುದಾ ಅಂತ ಅಣ್ಣ ಕೇಳಿದಾನೆ. ಉರಿಮೂತ್ರಕ್ಕೆ ಹೋದ ವರ್ಷದ ನಾಲ್ಕು ಮಾತ್ರೆ ಡಬ್ಬಿಲಿದೆ, ತಗೊಳ್ಲಾ ಅಂತ ಚಿಕ್ಕಮ್ಮ. ಮೂರಕ್ಕೂ ಹೇಳ್ತೀನಿ, ಉದ್ದ ಆಗುತ್ತೆ, ಕೊನೆ ತನಕ ಕೇಳಿ. ಮೊದಲನೇದು, ಡಾಕ್ಟ್ರನ್ನ ಕೇಳದೆ ಮಾವ ಇವತ್ತು ರಾತ್ರಿ ಮಾತ್ರೆ ಬಿಡೋದು ಬೇಡ.

625 ಅಂದ್ರೆ ಒಂದೇ ಔಷಧಿ ಅಲ್ಲ, ಎರಡು. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆಸಿಡ್ 125 ಮಿಲಿಗ್ರಾಂ. ಬ್ಯಾಕ್ಟೀರಿಯಾನ ಕೊಲ್ಲೋದು ಅಮಾಕ್ಸಿಸಿಲಿನ್. ಆದ್ರೆ ಕೆಲವು ಬ್ಯಾಕ್ಟೀರಿಯಾ ಅದನ್ನ ಮುರಿದುಹಾಕೋ ಕಿಣ್ವ ಬಿಡ್ತವೆ, ಆ ಕಿಣ್ವದ ಕೈ ಕಟ್ಟೋಕೆ ಕ್ಲಾವುಲಾನಿಕ್. ಹೊಟ್ಟೆ ಕೆಡಿಸೋದು ಹೆಚ್ಚಾಗಿ ಈ ಎರಡನೇದು. ಅದಕ್ಕೇ ಅಂಗಡಿಯಲ್ಲಿ 625 ಇಲ್ಲ, 375ರದ್ದು ಎರಡು ನುಂಗಿ ಅಂದ್ರೆ ಒಪ್ಪಬೇಡಿ. 375ರಲ್ಲಿ ಅಮಾಕ್ಸಿಸಿಲಿನ್ 250 ಇರುತ್ತೆ, ಕ್ಲಾವುಲಾನಿಕ್ ಮಾತ್ರ ಅದೇ 125. ಎರಡು ನುಂಗಿದ್ರೆ ಕ್ಲಾವುಲಾನಿಕ್ ಡಬಲ್ ಆಗಿ ಭೇದಿ ಜಾಸ್ತಿ ಆಗುತ್ತೆ.

ಹೊಟ್ಟೆ ಕೆಡೋದಕ್ಕೆ ಸುಲಭದ ಉಪಾಯ ಇದೆ. ಮಾವ ಊಟ ಎಲ್ಲಾ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು, ಆಮೇಲೆ ನೆನಪಾದಾಗ ಮಾತ್ರೆ ನುಂಗ್ತಾರೆ ಅಂದ್ರಲ್ಲ, ಅದು ಬದಲಾಗ್ಲಿ. ಊಟ ಶುರು ಮಾಡೋವಾಗಲೇ, ಮುದ್ದೆಯ ಮೊದಲೆರಡು ತುತ್ತಿನ ಜೊತೆಗೇ ನುಂಗ್ಬೇಕು. ಹೊಟ್ಟೆಗೂ ಹಿತ, ಕ್ಲಾವುಲಾನಿಕ್ ಮೈಗೆ ಹತ್ತೋದೂ ಚೆನ್ನಾಗಿರುತ್ತೆ. ಈ ಮಾತ್ರೆಗೆ ಹಾಲು, ಮೊಸರು, ಮಜ್ಜಿಗೆ ಯಾವುದೂ ಅಡ್ಡಿಯಿಲ್ಲ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಅಂತ ಪಥ್ಯ ಮಾಡಿಸ್ತಿದ್ರೆ ಈ ಮಾತ್ರೆಗೂ ಅದಕ್ಕೂ ಸಂಬಂಧ ಇಲ್ಲ. ಮಾವ ಚೆನ್ನಾಗಿ ಉಂಡ್ರೇನೇ ಗಾಯ ಬೇಗ ಮಾಗೋದು.

ಇನ್ನು ಹೊತ್ತು. ಇದರಲ್ಲೇ ಬಹಳ ಮನೆಗಳಲ್ಲಿ ತಪ್ಪಾಗೋದು. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧ ಆಗುತ್ತೆ, ಇನ್ನೊಂದು ಗಂಟೆಗೆ ಅದರಲ್ಲರ್ಧ. ಚೀಟಿಯಲ್ಲಿ 1-1-1 ಅಂತ ಬರೆದಿದ್ರೆ ತಿಂಡಿ-ಊಟ-ಊಟ ಅನ್ನೋ ಅರ್ಥ ಅಲ್ಲ, ಎಂಟೆಂಟು ಗಂಟೆ ಅಂತರ ಅಂತ. ನೀವು ಕೊಡ್ತಿರೋದು ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟು. ಅಲ್ಲಿಗೆ ರಾತ್ರಿಯಿಂದ ಬೆಳಿಗ್ಗೆ ತನಕ ಹನ್ನೆರಡು ಗಂಟೆ ಅಂತರ ಬಿದ್ದು, ಕೊನೆಕೊನೆಗೆ ಕಾವಲೇ ಇಲ್ಲದಂಗಾಯ್ತು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಮಾಡಿ. ಆರು ಗಂಟೆಗೆ ಎರಡು ಇಡ್ಲಿನೋ ಬಾಳೆಹಣ್ಣೋ, ಹತ್ತಕ್ಕೆ ಒಂದು ಲೋಟ ಹಾಲಿನ ಜೊತೆ ಸ್ವಲ್ಪ ಅನ್ನ ಆದ್ರೂ ಸಾಕು. ಮಾವನಿಗೆ ಶುಗರ್ ಇರೋದ್ರಿಂದ ಇದನ್ನ ದಿನದ ಊಟದ ಲೆಕ್ಕದೊಳಗೇ ಹೊಂದಿಸಿ. ಒಂದು ಹೊತ್ತು ಮರೆತ್ರೆ ನೆನಪಾದ ತಕ್ಷಣ ಕೊಡಿ. ಆದ್ರೆ ಮುಂದಿನ ಮಾತ್ರೆ ಹೊತ್ತು ಹತ್ತಿರ ಬಂದಿದ್ರೆ ಮರೆತದ್ದನ್ನ ಬಿಟ್ಟುಬಿಡಿ, ಎರಡು ಸೇರಿಸಿ ಕೊಡ್ಬೇಡಿ. ನುಂಗಿದ ಅರ್ಧ ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ಕೊಡ್ಬೇಕಾ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ.

ಮಾತ್ರೆನೆಲ್ಲಾ ಒಡೆದು ವಾರದ ಡಬ್ಬಿಗೆ ಹಾಕಿಟ್ಟಿದೀನಿ ಅಂದ್ರಿ. ಶುಗರ್ ಮಾತ್ರೆಗೆ ಸರಿ, ಇದಕ್ಕೆ ಬೇಡ. ಕ್ಲಾವುಲಾನಿಕ್ ಗಾಳಿಯ ತೇವ ಹೀರಿ ಕೆಡುತ್ತೆ, ಅದಕ್ಕೇ ದಪ್ಪ ಅಲ್ಯೂಮಿನಿಯಂ ಶೀಟಲ್ಲಿ ಬರೋದು. ನುಂಗೋ ಹೊತ್ತಿಗೆ ಒಡೀಬೇಕು. ಡಬ್ಬಿಲಿರೋದು ಉಬ್ಬಿದ್ರೆ, ಬಣ್ಣ ತಿರುಗಿದ್ರೆ ಕೊಡ್ಬೇಡಿ.

‘ವಾಸಿ ಆಯ್ತಲ್ಲ’ ಅನ್ನೋದಕ್ಕೆ ಬರ್ತೀನಿ. ಊತ ಇಳಿದಿದೆ ಅಂದ್ರೆ ಔಷಧಿ ಹಿಡೀತಿದೆ ಅಂತ ಅರ್ಥ. ಒಳಗೆ ಉಳಿದಿರೋದು ಪೂರ್ತಿ ಹೋಯ್ತು ಅಂತ ಅಲ್ಲ, ಶುಗರ್ ಇರೋರ ಪಾದದಲ್ಲಂತೂ ಅದನ್ನ ಕಣ್ಣಿಂದ ನೋಡಿ ಹೇಳೋಕಾಗಲ್ಲ. ಹಂಗಂತ ಜಾಸ್ತಿ ದಿನ ನುಂಗಿದಷ್ಟೂ ಒಳ್ಳೇದು ಅನ್ನೋದೂ ತಪ್ಪು. ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕ ಇದೆ. ಸಾಧಾರಣ ಚರ್ಮದ ನಂಜಿಗೆ ಎಷ್ಟೋ ಜನಕ್ಕೆ ಐದು ದಿನ ಸಾಕಾಗುತ್ತೆ. ಮಕ್ಕಳ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ತಗುಲಿದ್ರೆ ಗಂಟಲು ಮೂರೇ ದಿನಕ್ಕೆ ಸರಿ ಹೋದ್ರೂ ಅಮಾಕ್ಸಿಸಿಲಿನ್ ಹತ್ತು ದಿನ ಕೊಡೋದು, ಮುಂದೆ ಕೀಲು, ಹೃದಯದ ಕವಾಟಕ್ಕೆ ತೊಂದರೆ ಆಗದೆ ಇರ್ಲಿ ಅಂತ. ಕ್ಷಯಕ್ಕೆ ಆರು ತಿಂಗಳು. ಮಾವನಿಗೆ ಏಳೇ ಸಾಕಾ, ಕಮ್ಮಿ ಮಾಡ್ಬಹುದಾ, ಇನ್ನೂ ಬೇಕಾ ಅನ್ನೋದು ಪಾದ ನೋಡಿದೋರು ಹೇಳ್ಬೇಕು, ನಾವಲ್ಲ.

ಪಾದ ನೋಡ್ಕೊಳ್ಳೋಕೆ ಒಂದು ಕೆಲಸ ಮಾಡಿ. ಕೆಂಪು ಎಲ್ಲಿವರೆಗಿದೆಯೋ ಅದರ ಅಂಚಿಗೆ ಬಾಲ್ ಪೆನ್ನಲ್ಲಿ ಸುತ್ತ ಗೆರೆ ಎಳೀರಿ, ಪಕ್ಕದಲ್ಲಿ ತಾರೀಕು, ಹೊತ್ತು ಬರೀರಿ. ದಿನಾ ಬೆಳಿಗ್ಗೆ ಕೆಂಪು ಬಣ್ಣ ಆ ಗೆರೆಯ ಒಳಕ್ಕೆ ಸರೀತಿದ್ರೆ ಸರಿ. ದಾಟಿ ಹೊರಗೆ ಹೋದ್ರೆ, ಚಳಿ ಜ್ವರ ಬಂದ್ರೆ, ಚರ್ಮ ಕಪ್ಪಾದ್ರೆ, ಬೊಬ್ಬೆ ಎದ್ರೆ, ನೋಡೋಕೆ ಸಣ್ಣದಿದ್ರೂ ತಡೆಯಲಾರದ ನೋವಿದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಬೆಳಗಾಗ್ಲಿ ಅಂತ ಕಾಯ್ಬೇಡಿ. ಕೂತಾಗ, ಮಲಗಿದಾಗ ಕಾಲು ದಿಂಬಿನ ಮೇಲಿರ್ಲಿ. ಗಾಯಕ್ಕೆ ಸುಣ್ಣ-ಅರಿಶಿನ ಹಚ್ಚೋದು, ಬರಿಗಾಲಲ್ಲಿ ಗದ್ದೆಗಿಳಿಯೋದು ಎರಡೂ ಬೇಡ. ಒತ್ತಿದ್ರೆ ಮೆತ್ತಗೆ, ಒಳಗೆ ಕೀವು ನಿಂತಂಗಿದ್ರೆ ಡಾಕ್ಟ್ರಿಗೆ ತೋರಿಸಿ ಕುಯ್ಸಿ ತೆಗೆಸ್ಬೇಕು. ನಿಂತ ಕೀವಿನೊಳಕ್ಕೆ ಮಾತ್ರೆ ಸರಿಯಾಗಿ ತಲುಪಲ್ಲ, ಎಷ್ಟು ಬಾಕ್ಸ್ ನುಂಗಿದ್ರೂ ಅಷ್ಟೆ. ಟಿಟಿ ಇಂಜೆಕ್ಷನ್ ಹಾಕಿದ್ರಾ ಕೇಳಿ. ಮಣ್ಣಿನ ಗಾಯಕ್ಕೆ ಹಿಂದಿನದು ಹಾಕಿಸಿ ಐದು ವರ್ಷ ದಾಟಿದ್ರೆ ಮತ್ತೆ ಹಾಕಿಸ್ಬೇಕು, 625 ನುಂಗ್ತಿದ್ದೀವಲ್ಲ ಅಂತ ಬಿಡೋಂಗಿಲ್ಲ.

‘ಉಷ್ಣ’ ಅಂದ್ರೆ ಏನು ಅಂತ ಮಾವನ್ನ ಬಿಡಿಸಿ ಕೇಳಿ, ಅತ್ತೆ. ಇದು ತುಂಬಾ ಮುಖ್ಯ. ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಹೋಗ್ತಿದ್ರೆ ಓಆರ್‌ಎಸ್, ಮಜ್ಜಿಗೆ ಸಾಕು. ಎಳನೀರು ಕೊಡೋ ಮುಂಚೆ ಕಿಡ್ನಿ ತೊಂದರೆ ಇಲ್ಲ ತಾನೆ ಅಂತ ನೋಡ್ಕೊಳ್ಳಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ನೀರುನೀರಾಗಿ ಮತ್ತೆ ಮತ್ತೆ ಹೋದ್ರೆ, ರಕ್ತ ಕಂಡ್ರೆ, ಹೊಟ್ಟೆ ಹಿಂಡಿ ಜ್ವರ ಬಂದ್ರೆ ಡಾಕ್ಟ್ರಿಗೆ ಹೇಳಿ. ಆಗ ಭೇದಿ ನಿಲ್ಲಿಸೋ ಮಾತ್ರೆ ನೀವಾಗಿ ಕೊಡ್ಬೇಡಿ. ಒಳ್ಳೆ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಕೆಟ್ಟ ಜಾತಿಯದು ಬೆಳೆದು ಕರುಳು ಊದಿರಬಹುದು, ಕಟ್ಟಿ ನಿಲ್ಲಿಸಿದ್ರೆ ಅಪಾಯ. ಇದು ಮಾತ್ರೆ ಮುಗಿದು ಕೆಲವು ವಾರ ಆದ್ಮೇಲೂ ಬರಬಹುದು. ಬಾಯಲ್ಲಿ ಬಿಳಿ ಪದರ ಕಟ್ಟಿ ಉರಿಯೋದು ಬೂಷ್ಟು, ಅದಕ್ಕೆ ಬೇರೆ ಔಷಧಿ ಇದೆ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈಯೆಲ್ಲಾ ನವೆ ಆದ್ರೆ ಯಕೃತ್ತಿಗೆ ತೊಂದರೆ ಆಗಿರಬಹುದು ಅಂತ ಸೂಚನೆ. ಈ ಮಾತ್ರೆಯಿಂದ ವಯಸ್ಸಾದ ಗಂಡಸರಿಗೆ ಇದು ಆಗೋ ಸಂಭವ ಸ್ವಲ್ಪ ಜಾಸ್ತಿ. ಮೈಮೇಲೆ ದದ್ದು ಎದ್ರೆ ಮುಂದಿನ ಮಾತ್ರೆ ತಡೆದು ಫೋನ್ ಮಾಡಿ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದ್ರೆ ಫೋನ್‌ನಲ್ಲಿ ನಮ್ಮನ್ನ ಕೇಳ್ತಾ ಕೂರ್ಬೇಡಿ, 108.

ಹೊಟ್ಟೆಗಾಗದೆ ಡಾಕ್ಟ್ರು ಬೇರೆ ಮಾತ್ರೆಗೆ ಬದಲಾಯಿಸಿದ್ರೆ ಎರಡು ವಿಷಯ ಹೇಳಿ. ಮಾವನಿಗೆ ಶುಗರ್‌ಗೆ ಗ್ಲಿಮೆಪಿರೈಡ್ ಇದೆ ಅನ್ನೋದು ಒಂದು. ಸಿಪ್ರೊಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಜೊತೆ ಅದು ಸೇರಿದ್ರೆ ಶುಗರ್ ದಿಢೀರ್ ಅಂತ ಇಳಿದು ಬೆವರಿ ತಲೆ ಸುತ್ತಿ ಬೀಳಬಹುದು, ಆ ಆಂಟಿಬಯಾಟಿಕ್‌ನಿಂದಲೇ ಹಿಮ್ಮಡಿ ಮೇಲಿನ ನರದಂಥ ಕಟ್ಟೂ ನೋಯಬಹುದು. ಈ ಮಾತ್ರೆಗಳಿಗೆ ಹಾಲು, ಮೊಸರು, ಕ್ಯಾಲ್ಸಿಯಂ, ಐರನ್, ಗ್ಯಾಸ್‌ನ ಬಿಳಿ ಔಷಧಿ ಅಡ್ಡ ಬರ್ತವೆ. ಅವನ್ನ ತಗೊಳ್ಳೋದಿದ್ರೆ ಮಾತ್ರೆ ನುಂಗಿ ಎರಡು ಗಂಟೆಯಾದ್ರೂ ಆಗಿರ್ಬೇಕು. ಎರಡನೇದು, ರಕ್ತ ತೆಳು ಮಾಡೋ ಮಾತ್ರೆ ಮನೇಲಿ ಯಾರು ತಗೊಳ್ತಿದ್ರೂ ಯಾವ ಆಂಟಿಬಯಾಟಿಕ್‌ಗಾದ್ರೂ ಮುಂಚೆ ಹೇಳ್ಬೇಕು. ಮೆಟ್ರೊನಿಡಜೋಲ್ ಕೊಟ್ರೆ ಮುಗಿದು ಎರಡು ದಿನದ ತನಕ ಹೆಂಡ ಮುಟ್ಟೋಂಗಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ರೆ ದೊಡ್ಡ ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಕೂತಿರ್ಬೇಕು. ನುಂಗಿ ತಕ್ಷಣ ಮಲಗಿದ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತೆ.

ಅಣ್ಣ, ಈಗ ನಿಂಗೆ. ಬೇಡ. ನೆಗಡಿ ತರೋದು ವೈರಸ್, ಅದರ ಮೇಲೆ 625 ಏನೂ ಮಾಡಲ್ಲ. ಸಿಂಬಳ ಹಸಿರು ತಿರುಗಿತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಲ್ಲ, ನೆಗಡಿ ಹಾದಿಯಲ್ಲೇ ಆ ಬಣ್ಣ ಬರುತ್ತೆ. ಮಗೂಗೆ ಲೆಕ್ಕ ವಯಸ್ಸಿನ ಮೇಲಲ್ಲ, ಮುಖ್ಯವಾಗಿ ತೂಕದ ಮೇಲೆ. ದೊಡ್ಡೋರ ಮಾತ್ರೆ ಮುರಿದು ಅಂದಾಜಿಗೆ ಕೊಟ್ರೆ ಭೇದಿ ಹತ್ತುತ್ತೆ, ಇತ್ತ ಮಾವನಿಗೂ ಕಮ್ಮಿ ಬೀಳುತ್ತೆ. ಮೂಗಿಗೆ ಸಲೈನ್ ಹನಿ ಹಾಕು. ವರ್ಷ ತುಂಬಿದ್ರೆ ರಾತ್ರಿ ಅರ್ಧ ಚಮಚ ಜೇನು ಕೊಡು. ಮಗು ಸುಮ್ಮನೆ ಮಲಗಿದ್ದಾಗ ಎದೆ ಎಷ್ಟು ಸಲ ಏಳುತ್ತೆ ಅಂತ ಪೂರ್ತಿ ಒಂದು ನಿಮಿಷ ಎಣಿಸು. ಒಂದರಿಂದ ಐದು ವರ್ಷದ ಮಗೂಗೆ 40 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ, ಎದೆಯ ಕೆಳಭಾಗ ಒಳಕ್ಕೆ ಸೆಳೆದ್ರೆ, ಕುಡಿಯೋದು ಬಿಟ್ರೆ, ಜ್ವರ ಮೂರು ದಿನ ದಾಟಿದ್ರೆ ತಡ ಮಾಡ್ದೆ ತೋರಿಸು. ಅಲ್ಲಿ ಸಿರಪ್ ಬರೆದ್ರೆ ಬಾಟಲ್ ಮೇಲಿನ ನಂಬರ್ ಚೀಟಿಗೆ ತಾಳೆ ನೋಡು. 5 ಎಂಎಲ್‌ಗೆ 228.5 ಮಿಲಿಗ್ರಾಂನದ್ದೂ ಇದೆ, 457 ಮಿಲಿಗ್ರಾಂನದ್ದೂ ಇದೆ, ಒಂದರ ಬದಲು ಇನ್ನೊಂದು ಕೊಟ್ರೆ ಡೋಸ್ ಅರ್ಧ ಅಥವಾ ಎರಡರಷ್ಟು. ಪುಡಿ ಸಡಿಲ ಆಗೋಂಗೆ ಬಾಟಲ್ ತಟ್ಟಿ, ಕುದಿಸಿ ಆರಿಸಿದ ನೀರನ್ನ ಗೆರೆಗಿಂತ ಕಮ್ಮಿ ಹಾಕಿ ಕುಲುಕಿ, ನೊರೆ ಕೂತ ಮೇಲೆ ಗೆರೆವರೆಗೆ ತುಂಬಿಸು. ಫ್ರಿಜ್‌ನಲ್ಲಿಡು, ಕೊಡೋ ಪ್ರತಿ ಸಲ ಕುಲುಕು, ಅಳತೆಗೆ ಅದರ ಮುಚ್ಚಳ ಇಲ್ಲಾ ಸಿರಿಂಜು, ಅಡುಗೆ ಮನೆ ಚಮಚ ಅಲ್ಲ. ಎಷ್ಟು ದಿನ ಇಡಬಹುದು ಅಂತ ಲೇಬಲ್ ಮೇಲಿರುತ್ತೆ, ಬಹುತೇಕ ಏಳು ದಿನ. ಉಳಿದದ್ದು ಮುಂದಿನ ಜ್ವರಕ್ಕೆ ಬರಲ್ಲ.

ಚಿಕ್ಕಮ್ಮ, ಡಬ್ಬಿಯಲ್ಲಿರೋ ಆ ನಾಲ್ಕು ಮಾತ್ರೆ ನುಂಗ್ಬೇಡಿ. ನಾಲ್ಕರಲ್ಲಿ ಉರಿ ತಗ್ಗಿ ಬ್ಯಾಕ್ಟೀರಿಯಾ ಅಲ್ಲೇ ಉಳಿಯಬಹುದು. ಆಮೇಲೆ ಕಲ್ಚರ್, ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾನ ಬೆಳೆಸಿ ನೋಡೋ ಪರೀಕ್ಷೆ, ಮಾಡಿಸಿದ್ರೆ ಏನೂ ಬೆಳೆಯದೆ ಇರಬಹುದು, ಆಗ ಯಾವ ಔಷಧಿ ಹಿಡಿಯುತ್ತೆ ಅಂತ ತಿಳಿಯೋ ದಾರಿ ಮುಚ್ಚಿಹೋಗುತ್ತೆ. ಮಾತ್ರೆ ಶುರು ಮಾಡೋ ಮುಂಚೆನೇ ಮೂತ್ರ ಕೊಡಿ. ನೀರಲ್ಲಿ ತೊಳ್ಕೊಂಡು, ಮೊದಲು ಬರೋದನ್ನ ಬಿಟ್ಟು, ನಡುವಿನದನ್ನ ಲ್ಯಾಬಿನವರು ಕೊಟ್ಟ ಬಾಟಲಿಗೆ ಹಿಡೀರಿ, ಮುಚ್ಚಳದ ಒಳಗೆ ಬೆರಳು ತಾಗಿಸ್ಬೇಡಿ, ಒಂದು ಗಂಟೆ ಒಳಗೆ ತಲುಪಿಸಿ. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು, ಅಲ್ಲೀವರೆಗೆ ಏನು ತಗೋಬೇಕು ಅಂತ ಡಾಕ್ಟ್ರೇ ಬರೀತಾರೆ. ನೈಟ್ರೊಫ್ಯುರಂಟಾಯಿನ್ ಬರೆದ್ರೆ ಊಟದ ಜೊತೆ ತಗೊಳ್ಳಿ, ಮೂತ್ರ ಕಡು ಹಳದಿ-ಕಂದು ಆದ್ರೆ ಹೆದರ್ಬೇಡಿ. ಚಳಿ ಜ್ವರ, ಸೊಂಟದ ಪಕ್ಕ ನೋವು, ವಾಂತಿ ಇದ್ರೆ ಅದು ಕಿಡ್ನಿಗೆ ಏರಿದೆ ಅಂತ, ಅವತ್ತೇ ಹೋಗಿ.

ಅಂಗಡಿಯವರು ಚೀಟಿ ಇಲ್ಲದೆ ಕೊಡಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಶೀಟಿನ ಹಿಂದೆ ಕೆಂಪು ಗೆರೆ ಇರೋದೇ ಅದಕ್ಕೆ. ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್ ಥರದವನ್ನ 2014ರ ಮಾರ್ಚ್‌ನಿಂದ ಎಚ್1 ಅನ್ನೋ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿಗೆ ಸೇರಿಸಿದಾರೆ. ಡಾಕ್ಟ್ರು, ರೋಗಿ, ಎಷ್ಟು ಮಾತ್ರೆ ಅಂತ ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಕೊಂಡಿರ್ಬೇಕು.

ಅತ್ತೆ, ಈಗಲೇ ಪಾದಕ್ಕೆ ಗೆರೆ ಎಳೆದು ಫೋಟೊ ತೆಗೀರಿ, ಚೀಟಿಯದ್ದೂ ಒಂದು. ಮಾವನ ಹಿಂದಿನ ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ಬೀರುವಲ್ಲಿದ್ರೆ ಹುಡುಕಿಡಿ, ಡೋಸ್ ಸರಿಯಿದೆಯಾ ನೋಡೋಕೆ ಡಾಕ್ಟ್ರಿಗೆ ಬೇಕಾಗುತ್ತೆ. ರಾತ್ರಿ ಹತ್ತಕ್ಕೆ ಮಾತ್ರೆ, ಬೆಳಿಗ್ಗೆ ಆರಕ್ಕೆ ಇನ್ನೊಂದು. ಆರು ಗಂಟೆದು ಕೊಡೋವಾಗ ಗೆರೆ ನೋಡಿ, ಅದರ ಫೋಟೊನೂ ಇಲ್ಲೇ ಹಾಕಿ.